ಮೇಣ ಕರಗಿಸಿ ಅಂದಿರಿ, ಹೇಗೆ ಅಂತ ಹೇಳಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರದ ಪುರವಣಿಯಲ್ಲಿ, ಮನೆಗೆಲಸದ ಸಲಹೆಗಳ ಜಾಗದಲ್ಲಿ, ಸೌದೆ ಒಲೆ ಹೊತ್ತಿಸೋಕೆ ಮನೆಯಲ್ಲೇ ಫೈರ್‌ಸ್ಟಾರ್ಟರ್ ಮಾಡಿಕೊಳ್ಳುವುದು ಹೇಗೆ ಅಂತ ನಾಲ್ಕು ಸಾಲು ಹಾಕಿದ್ದಿರಿ. ಹಳೇ ಮೇಣದಬತ್ತಿ ಕರಗಿಸಿ, ಮರದ ಹೊಟ್ಟಿನ ಮೇಲೆ ಸುರಿದು, ಆರಿದ ಮೇಲೆ ಎತ್ತಿಟ್ಟುಕೊಳ್ಳಿ. ಅಷ್ಟೇ. ಸಲಹೆ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆರು ವರ್ಷದಿಂದ ನಾನೂ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ನನ್ನ ತಕರಾರು ಇರುವುದು "ಕರಗಿಸಿ" ಅನ್ನೋ ಆ ಒಂದು ಪದದ ಮೇಲೆ. ಹೇಗೆ ಕರಗಿಸಬೇಕು ಅಂತ ಇನ್ನೊಂದು ಸಾಲು ಹಾಕೋಕೆ ಜಾಗ ಇರಲಿಲ್ಲವೇ? ಪಕ್ಕದಲ್ಲೇ ಅಂಗೈ ಅಗಲದ ಚಿತ್ರಕ್ಕೆ ಜಾಗ ಇತ್ತಲ್ಲ.

ಇಷ್ಟು ಸಿಟ್ಟು ಯಾಕೆ ಅಂದರೆ, ನಾನು ಮೊದಲ ಸಲ ಮಾಡಿದ್ದೂ ಇಂಥದೇ ಒಂದು ಪುಟ್ಟ ಸಲಹೆ ಓದಿಕೊಂಡೇ. ಹಳೇ ಸ್ಟೀಲ್ ಪಾತ್ರೆಗೆ ಮೇಣದಬತ್ತಿಯ ತುಂಡುಗಳನ್ನೆಲ್ಲ ಹಾಕಿ ನೇರವಾಗಿ ಗ್ಯಾಸ್ ಮೇಲೆ ಇಟ್ಟೆ. ಕರಗಿತು, ಚೆನ್ನಾಗಿಯೇ ಕರಗಿತು. ಅಷ್ಟರಲ್ಲಿ ಫೋನ್ ಬಂತು, ಎರಡು ನಿಮಿಷದ ಮಾತು ಐದು ನಿಮಿಷ ಆಯಿತು. ತಿರುಗಿ ನೋಡಿದರೆ ಪಾತ್ರೆಯಿಂದ ತೆಳ್ಳಗೆ ಬಿಳಿ ಹೊಗೆ ಏಳುತ್ತಿತ್ತು. ನೀರು ಕಾದಾಗ ಬರುತ್ತಲ್ಲ, ಹಾಗೇ ಇರಬೇಕು ಅಂದುಕೊಂಡೆ. ಎರಡು ಹೆಜ್ಜೆ ಇಡುವುದರೊಳಗೆ ಭಗ್ ಅಂತ ಹೊತ್ತಿಕೊಂಡಿತು. ಪಾತ್ರೆಯ ಬಾಯಿ ಅಗಲಕ್ಕೂ ಉರಿ, ಮೊಳದುದ್ದ. ನನ್ನ ಕೈ ತಾನಾಗಿ ನಲ್ಲಿಯ ಕಡೆ ಹೋಯಿತು, ಚೊಂಬು ತುಂಬಿಯೂ ಆಗಿತ್ತು. ಆಗ ಹಿಂದಿನಿಂದ ನನ್ನ ಹೆಂಡತಿ "ನೀರು ಹಾಕ್ಬೇಡಿ, ಮುಚ್ಚಿ!" ಅಂತ ಕೂಗಿಕೊಂಡು ಬಂದು, ಕೈಗೆ ಸಿಕ್ಕ ದೊಡ್ಡ ತಟ್ಟೆಯನ್ನು ಪಕ್ಕದಿಂದ ಜಾರಿಸಿ ಪಾತ್ರೆಯ ಮೇಲೆ ಮುಚ್ಚಿದಳು. ಆಮೇಲೆ ಗ್ಯಾಸ್ ಆರಿಸಿದಳು. ಉರಿ ಅಲ್ಲೇ ಸತ್ತಿತು. ನಾನು ಚೊಂಬು ಹಿಡಿದುಕೊಂಡು ನಿಂತೇ ಇದ್ದೆ.

ಆ ಚೊಂಬಿನ ನೀರು ಬಿದ್ದಿದ್ದರೆ ಏನಾಗುತ್ತಿತ್ತು ಅಂತ ಆಮೇಲೆ ಓದಿ ತಿಳಿದುಕೊಂಡೆ. ಮೇಣಕ್ಕಿಂತ ನೀರು ಭಾರ. ಸುರಿದ ನೀರು ಉರಿಯುವ ಮೇಣದ ಮೇಲೆ ನಿಲ್ಲುವುದಿಲ್ಲ, ತಳಕ್ಕೆ ಇಳಿಯುತ್ತದೆ. ಅಲ್ಲಿರುವ ಬಿಸಿಗೆ ಚಟ್ಟನೆ ಆವಿಯಾಗುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹಿಗ್ಗುವಾಗ ಮೇಲಿರುವ ಮೇಣವನ್ನೆಲ್ಲ ಹನಿಹನಿಯಾಗಿ ಗಾಳಿಗೆ ಎರಚುತ್ತದೆ, ಎರಚಿದ ಒಂದೊಂದು ಹನಿಯೂ ಉರಿಯುತ್ತಿರುತ್ತದೆ. ಪಾತ್ರೆಯಲ್ಲಿದ್ದ ಬೆಂಕಿ ಒಂದೇ ಕ್ಷಣದಲ್ಲಿ ಛಾವಣಿ ಮುಟ್ಟುತ್ತದೆ. ಕಾದ ಎಣ್ಣೆಗೆ ಬೆಂಕಿ ಹತ್ತಿದಾಗಲೂ ಇದೇ ಕಥೆ. ಇದು ನನ್ನ ಹೆಂಡತಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಮೇಣ ಮೋಸ ಮಾಡುವುದು ಎಲ್ಲಿ ಅಂದರೆ, ಅದು ಸದ್ದು ಮಾಡುವುದಿಲ್ಲ. ನೀರಾದರೆ ಗುಳುಗುಳು ಅಂತ ಕುದ್ದು ನಿಮ್ಮನ್ನು ಕರೆಯುತ್ತದೆ. ಹಾಲಾದರೆ ಉಕ್ಕಿ ಮರ್ಯಾದೆ ಕಳೆಯುತ್ತದೆ. ಮೇಣ ಸುಮ್ನೆ ಕೂತು ಬಿಸಿಯಾಗುತ್ತಾ ಹೋಗುತ್ತದೆ. ಸಾಮಾನ್ಯ ಪ್ಯಾರಾಫಿನ್ ಮೇಣ 46ರಿಂದ 68 ಡಿಗ್ರಿ ಸೆಲ್ಸಿಯಸ್ ಒಳಗೇ ಕರಗಿಬಿಡುತ್ತದೆ, ಜೇನುಮೇಣಕ್ಕೆ 62ರಿಂದ 64 ಬೇಕು. ಅಂದರೆ ಕೈ ಸುಡುವಷ್ಟು ಬಿಸಿ ಇದ್ದರೆ ನಮ್ಮ ಕೆಲಸ ಆಗಿಹೋಗುತ್ತದೆ. ಅದನ್ನು ಬಿಟ್ಟು ಕಾಯಿಸುತ್ತಲೇ ಇದ್ದರೆ ಹೊಗೆ ಬರುತ್ತದೆ. ಸುಮಾರು 200 ಡಿಗ್ರಿಯ ಹತ್ತಿರ ಹೋದಾಗ ಮೇಲೆ ಏಳುವ ಆವಿಗೆ ಬೆಂಕಿ ಹಿಡಿಯುತ್ತದೆ. ಕೆಳಗೆ ಗ್ಯಾಸಿನ ಉರಿ ಇದ್ದೇ ಇದೆಯಲ್ಲ, ಕಡ್ಡಿ ಬೇರೆ ಗೀರಬೇಕಾಗಿಲ್ಲ. ನಾನು ನೋಡಿದ ಆ ತೆಳ್ಳನೆ ಬಿಳಿ ಹೊಗೆಯೇ ಕೊನೆಯ ಎಚ್ಚರಿಕೆ ಆಗಿತ್ತು.

ನೀವು ಹಾಕಬೇಕಾಗಿದ್ದ ಸಾಲು ಇಷ್ಟೇ: ಮೇಣವನ್ನು ನೇರ ಉರಿಯ ಮೇಲೆ ಕರಗಿಸಬೇಡಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ನೀರು 100 ಡಿಗ್ರಿ ದಾಟುವುದಿಲ್ಲ, ಹಾಗಾಗಿ ಒಳಗಿನ ಮೇಣವೂ ದಾಟುವುದಿಲ್ಲ. 200 ಎಲ್ಲಿ, 100 ಎಲ್ಲಿ. ದೊಡ್ಡ ಪಾತ್ರೆಯಲ್ಲಿ ನಾಲ್ಕು ಬೆರಳು ನೀರು, ಅದರ ತಳಕ್ಕೆ ಒಂದು ಮಡಚಿದ ಬಟ್ಟೆ ಅಥವಾ ಜಾಲರಿ, ಅದರ ಮೇಲೆ ಮೇಣದ ಡಬ್ಬ. ಡಬ್ಬದ ಬಾಯಿಯನ್ನು ಒಂದು ಕಡೆ ಚೂಪಾಗಿ ಹಿಸುಕಿಕೊಂಡರೆ ಸುರಿಯೋಕೆ ಸುಲಭ. ಸಣ್ಣ ಉರಿ ಸಾಕು, ನೀರು ಕೊತಕೊತ ಕುದಿಯಬಾರದು, ಕುದ್ದರೆ ಹನಿ ಹಾರಿ ಮೇಣದೊಳಗೆ ಬೀಳುತ್ತದೆ. ನೀರು ಇಂಗಿಹೋಗದಂತೆ ನಡುನಡುವೆ ನೋಡುತ್ತಿರಬೇಕು. ಇಂಗಿದರೆ ಮತ್ತೆ ನೇರ ಉರಿಯ ಮೇಲೆ ಇಟ್ಟ ಹಾಗೇ ಆಯಿತು. ಪಕ್ಕದಲ್ಲಿ ಡಬ್ಬದ ಬಾಯಿಗೆ ಸರಿಯಾಗಿ ಕೂರುವ ಮುಚ್ಚಳ ಇರಲಿ. ಮತ್ತೆ ಫೋನನ್ನು ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ.

ಇಷ್ಟು ಬೈದ ಮೇಲೆ ಮಾಡುವ ಬಗೆಯನ್ನೂ ಪೂರ್ತಿ ಹೇಳದಿದ್ದರೆ ತಪ್ಪಾಗುತ್ತದೆ. ನಿಮ್ಮ ನಾಲ್ಕು ಸಾಲಿನಲ್ಲಿ ಅದೂ ಅರ್ಧಂಬರ್ಧ ಇತ್ತು.

ನಾನು ಇದನ್ನು ಮೇಣದ ಬಿಲ್ಲೆ ಅಂತ ಕರೆಯುತ್ತೇನೆ. ಬೇಕಾಗುವುದು ಮೂರೇ: ಮೊಟ್ಟೆ ಇಡುವ ರಟ್ಟಿನ ಟ್ರೇ, ಒಣ ಹೊಟ್ಟು, ಮೇಣ. ಟ್ರೇ ಕಾಗದದ ತಿರುಳಿನದೇ ಆಗಿರಬೇಕು, ಬೂದು ಬಣ್ಣದ ಒರಟು ರಟ್ಟು ಇರುತ್ತಲ್ಲ, ಅದು. ಥರ್ಮಾಕೋಲ್ ಟ್ರೇ, ಪಾರದರ್ಶಕ ಪ್ಲಾಸ್ಟಿಕ್ ಟ್ರೇ ಇವೆರಡೂ ಬೇಡ. ಅವು ಕರಗಿ ಒಲೆಯ ತಳಕ್ಕೆ ಅಂಟುತ್ತವೆ, ಹೊಗೆ ಕೆಟ್ಟದು. ಹೊಟ್ಟು ಅಂದರೆ ಬಡಗಿ ಕೆಲಸದಲ್ಲಿ ಉದುರುವುದು. ನನಗೆ ಗರಗಸದ ನುಣ್ಣನೆ ಪುಡಿಗಿಂತ ಕೀಸುಳಿಯಿಂದ ಬರುವ ಸುರುಳಿ ಚಕ್ಕೆಗಳೇ ಇಷ್ಟ, ಯಾಕೆ ಅಂತ ಮುಂದೆ ಹೇಳುತ್ತೇನೆ. ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ), ಬಣ್ಣ ಬಳಿದ ಮರ, ಹುಳು ಹಿಡಿಯದಂತೆ ಔಷಧಿ ಕುಡಿಸಿದ ಮರ, ಇವುಗಳ ಹೊಟ್ಟು ಮಾತ್ರ ಬೇಡವೇ ಬೇಡ. ಪ್ಲೈವುಡ್‌ನಲ್ಲಿ ಅಂಟು ಇರುತ್ತದೆ, ಔಷಧಿ ಕುಡಿಸಿದ ಹಳೇ ಮರದಲ್ಲಿ ಆರ್ಸೆನಿಕ್ ಕೂಡ ಇರಬಹುದು, ಸುಟ್ಟರೆ ಅದು ಹೊಗೆಗೂ ಬೂದಿಗೂ ಸೇರುತ್ತದೆ.

ಮೊದಲು ಟ್ರೇಯ ಗುಳಿಗಳಿಗೆ ಚಕ್ಕೆ ತುಂಬಿಕೊಳ್ಳಿ. ಒತ್ತಿ ತುರುಕಬೇಡಿ, ಬೆರಳಿನಿಂದ ಮುಟ್ಟಿದರೆ ಸ್ಪ್ರಿಂಗಿನ ಹಾಗೆ ಮೇಲೇಳಬೇಕು, ಅಷ್ಟು ಸಡಿಲ ಇರಲಿ. ಟ್ರೇ ಕೆಳಗೆ ಹಳೇ ಪೇಪರ್ ಹಾಸಿ, ರಟ್ಟು ಸ್ವಲ್ಪ ಜಿನುಗುತ್ತದೆ. (ನಿಮ್ಮ ಪತ್ರಿಕೆಯನ್ನೇ ಹಾಸಿದ್ದೆ, ಬೇಜಾರು ಮಾಡಿಕೊಳ್ಳಬೇಡಿ.) ಉರಿ ಆರಿಸಿ, ಮೇಣದ ಡಬ್ಬವನ್ನು ಬಟ್ಟೆಯಲ್ಲಿ ಹಿಡಿದು, ಹೊರಗಿನ ನೀರು ಒರೆಸಿ, ಆಮೇಲೆ ಸುರಿಯಿರಿ. ಒಂದು ಗುಳಿಗೆ ಎರಡು ಮೂರು ಚಮಚದಷ್ಟು. ಮೇಣ ಚಕ್ಕೆಗಳ ನಡುವೆ ಇಳಿದು ಮಾಯವಾಗುವುದು ಕಾಣುತ್ತದೆ. ಚಕ್ಕೆಯ ಮೇಲ್ಮೈ ಕಪ್ಪಗಾಗಿ ಹೊಳೆಯುತ್ತದೆ, ಒಂದು ಕ್ಷಣ ಬಿಟ್ಟು ಅಂಚಿನಿಂದ ಬಿಳಿಚಿಕೊಳ್ಳುತ್ತಾ ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ಮೇಲೆ ಮೇಣದ ಕೊಳ ನಿಂತರೆ ಜಾಸ್ತಿ ಆಯಿತು ಅಂತ ಅರ್ಥ. ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತದೆ, ಕೀಳಲು ಹೋಗದೆ ತಣ್ಣೀರಿನ ಕೆಳಗೆ ಹಿಡಿಯಿರಿ. ಉಳಿದ ಮೇಣವನ್ನು ಸಿಂಕಿಗೆ ಸುರಿಯಬೇಡಿ, ಒಳಗೆ ಗಟ್ಟಿಯಾಗಿ ಪೈಪು ಕಟ್ಟಿಕೊಳ್ಳುತ್ತದೆ. ಡಬ್ಬದಲ್ಲೇ ಬಿಡಿ, ಮುಂದಿನ ಸಲಕ್ಕೆ ಆಗುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಗುಳಿಗಳನ್ನು ಬಿಡಿಬಿಡಿಯಾಗಿ ಹರಿದುಕೊಳ್ಳಿ. ಕತ್ತರಿಸಬೇಡಿ, ಹರಿಯಿರಿ. ಹರಿದಾಗ ರಟ್ಟಿನ ಅಂಚು ನೂಲುನೂಲಾಗಿ ನಿಲ್ಲುತ್ತದೆ, ಕಡ್ಡಿ ಮುಟ್ಟಿಸಬೇಕಾದದ್ದು ಅಲ್ಲಿಗೇ.

ಮೇಣದ ಗಟ್ಟಿಗೆ ಕಡ್ಡಿ ಹಿಡಿದು ನೋಡಿ, ಕರಗುತ್ತದೆ, ಉರಿಯುವುದಿಲ್ಲ. ಉರಿಯುವುದು ಮೇಣದ ಆವಿ. ನಂಬಿಕೆ ಬರದಿದ್ದರೆ ಒಂದು ಮೇಣದಬತ್ತಿ ಹಚ್ಚಿ ಊದಿ ಆರಿಸಿ. ಬತ್ತಿಯಿಂದ ಏಳುವ ಬಿಳಿ ಹೊಗೆಗೆ, ಬತ್ತಿ ಮುಟ್ಟದ ಹಾಗೆ ಒಂದು ಅಂಗುಲ ಮೇಲೆ ಉರಿಯುವ ಕಡ್ಡಿ ಹಿಡಿಯಿರಿ. ಬೆಂಕಿ ಹೊಗೆಯ ದಾರಿಯಲ್ಲೇ ಇಳಿದು ಹೋಗಿ ಬತ್ತಿಯನ್ನು ಹಚ್ಚುತ್ತದೆ. ಮೈಕೆಲ್ ಫ್ಯಾರಡೆ ಅನ್ನೋ ಇಂಗ್ಲಿಷ್ ವಿಜ್ಞಾನಿ 1860ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ರಿಸ್‌ಮಸ್ ರಜೆಗೆ ಬಂದ ಮಕ್ಕಳ ಮುಂದೆ ಮೇಣದಬತ್ತಿ ಇಟ್ಟುಕೊಂಡು ಉಪನ್ಯಾಸ ಮಾಡಿದಾಗ ಇದನ್ನೇ ತೋರಿಸಿದ್ದರು. ನಮ್ಮ ಬಿಲ್ಲೆಯಲ್ಲಿ ಮರದ ಚಕ್ಕೆ ಮತ್ತು ರಟ್ಟು ಎರಡೂ ಬತ್ತಿಯ ಕೆಲಸ ಮಾಡುತ್ತವೆ. ಮೇಣವನ್ನು ಹೀರಿ ಮೇಲಕ್ಕೆ ತರುತ್ತವೆ, ಅದು ಅಲ್ಲಿ ಆವಿಯಾಗಿ ಉರಿಯುತ್ತದೆ. ಚಕ್ಕೆಗಳ ನಡುವೆ ಗಾಳಿ ಓಡಾಡಬೇಕು. ನುಣ್ಣನೆ ಪುಡಿ ಒತ್ತಿ ತುಂಬಿ ಮೇಲಿಂದ ಜಾಸ್ತಿ ಮೇಣ ಸುರಿದರೆ ಗಾಳಿಗೆ ಜಾಗವೇ ಇರುವುದಿಲ್ಲ, ಅದು ಬಿಲ್ಲೆಯಲ್ಲ, ಇಟ್ಟಿಗೆ. ನನ್ನ ಮೊದಲ ಹನ್ನೆರಡೂ ಇಟ್ಟಿಗೆಗಳೇ ಆಗಿದ್ದವು, ಒಂದೊಂದಕ್ಕೆ ನಾಲ್ಕು ಕಡ್ಡಿ ತಿಂದವು. ಈಗಿನವು ಒಂದೇ ಕಡ್ಡಿಗೆ ಹತ್ತಿ ಹನ್ನೊಂದು ನಿಮಿಷ ಉರಿಯುತ್ತವೆ, ಗಡಿಯಾರ ಹಿಡಿದು ನೋಡಿದ್ದೇನೆ. ಬೆಂಕಿಕಡ್ಡಿಯ ಆಯಸ್ಸು ಅರ್ಧ ನಿಮಿಷವೂ ಇಲ್ಲ. ಬರೀ ಕಾಗದ ಭರ್ರನೆ ಉರಿದು ಬೂದಿಯಾಗುತ್ತದೆ. ಸೌದೆಗೆ ಬೆಂಕಿ ಹತ್ತಬೇಕಾದರೆ ಅದರ ಮೈ 250, 300 ಡಿಗ್ರಿಯವರೆಗೆ ಕಾಯಬೇಕು, ಅಷ್ಟು ಹೊತ್ತು ಪಕ್ಕದಲ್ಲಿ ಕೂತು ಕಾಯಿಸುವವರು ಬೇಕಲ್ವಾ? ಬಿಲ್ಲೆ ಮಾಡುವ ಕೆಲಸ ಅಷ್ಟೇ.

ಪ್ಯಾರಾಫಿನ್ ಬಗ್ಗೆ ಒಂದು ಸ್ವಾರಸ್ಯ ಹೇಳಿಬಿಡುತ್ತೇನೆ. ಈಗ ಅದು ಪೆಟ್ರೋಲಿಯಂನಿಂದ ಬರುತ್ತದೆ. ಆದರೆ 1830ರಲ್ಲಿ ಕಾರ್ಲ್ ರೈಖೆನ್‌ಬಾಖ್ ಅನ್ನೋ ಜರ್ಮನ್ ರಸಾಯನ ವಿಜ್ಞಾನಿ ಅದನ್ನು ಮೊದಲು ಬೇರ್ಪಡಿಸಿದ್ದು ಮರದ ಟಾರಿನಿಂದ, ಅಂದರೆ ಮರವನ್ನು ಗಾಳಿಯಿಲ್ಲದೆ ಬೇಯಿಸಿದಾಗ ಇಳಿಯುವ ಕಪ್ಪು ರಸದಿಂದ. ಹೆಸರು ಬಂದಿದ್ದು ಲ್ಯಾಟಿನ್ನಿನಿಂದ. ಬೇರೆ ಯಾವುದರ ಜೊತೆಗೂ ಅಷ್ಟಾಗಿ ಬೆರೆಯದ್ದು ಅನ್ನೋ ಅರ್ಥವಂತೆ. ನಮ್ಮ ಕಡೆ ನೆಂಟರಲ್ಲೂ ಅಂಥವರು ಇರುತ್ತಾರೆ.

ಮೇಣವೇ ಬೇಕು ಅಂತೇನಿಲ್ಲ. ಹತ್ತಿ ಉಂಡೆಗೆ ಪೆಟ್ರೋಲಿಯಂ ಜೆಲ್ಲಿ ಸವರಿ ಇಟ್ಟುಕೊಂಡರೂ ಆಗುತ್ತದೆ, ಒಲೆಯ ಸಹವಾಸವೇ ಬೇಡ, ಏನೂ ಕರಗಿಸಬೇಕಾಗಿಲ್ಲ. ಹೊರಗೆ ಜೆಲ್ಲಿ ಮೆತ್ತಿಕೊಂಡಿರಬೇಕು, ಒಳಗೆ ಒಣ ಹತ್ತಿ ಉಳಿದಿರಬೇಕು. ಹಚ್ಚುವ ಮೊದಲು ಉಂಡೆಯನ್ನು ಬಿಡಿಸಿ ಒಳಗಿನ ಎಳೆ ಹೊರಗೆಳೆದು ಅದಕ್ಕೆ ಕಡ್ಡಿ ಮುಟ್ಟಿಸಬೇಕು. ಹೊಸದಾಗಿ ಮಾಡುವವರಿಗೆ ನಾನು ಇದನ್ನೇ ಹೇಳುವುದು. ಕೈ ಜಿಡ್ಡಾಗುತ್ತದೆ ಅನ್ನೋದು ಒಂದೇ ದೂರು. ಪೈನ್ ಮರದ ಒಣ ಕಾಯಿ ಸಿಕ್ಕರೆ ಮೇಣದಲ್ಲಿ ಅದ್ದಿ ಇಡಬಹುದು, ನೋಡೋಕೂ ಚಂದ. ಆದರೆ ಅರಳಿದ ಕಾಯಿಯೇ ಆಗಬೇಕು, ತೇವ ಇದ್ದರೆ ಅದು ಮುಚ್ಚಿಕೊಂಡಿರುತ್ತದೆ. ಬಟ್ಟೆ ಒಣಗಿಸುವ ಯಂತ್ರದ ಜಾಲರಿಯಲ್ಲಿ ಕೂರುವ ನಾರನ್ನು ಕೆಲವರು ಬಳಸುತ್ತಾರೆ. ಪೂರ್ತಿ ಹತ್ತಿಬಟ್ಟೆಯದಾದರೆ ಸರಿ, ಪಾಲಿಯೆಸ್ಟರ್ ಬೆರೆತಿದ್ದರೆ ಪ್ಲಾಸ್ಟಿಕ್ ಸುಟ್ಟ ವಾಸನೆ. ನನಗೆ ಅದು ಹಿಡಿಸಲಿಲ್ಲ.

ಈಗ ಹಚ್ಚುವ ವಿಷಯ. ಎಲ್ಲರೂ ಬೆಂಕಿಯನ್ನು ಕೆಳಗಿಟ್ಟು ಸೌದೆಯನ್ನು ಮೇಲೆ ಒಟ್ಟುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಬಾಗಿಲು ಮತ್ತು ಹೊಗೆ ಕೊಳವೆ ಇರುವ ಒಲೆಯಲ್ಲಿ ತಲೆಕೆಳಗು ಮಾಡಿ ನೋಡಿ. ದಪ್ಪ ಸೌದೆ ಕೆಳಗೆ, ನಡುವೆ ಒಂದಿಷ್ಟು ಗಾಳಿಗೆ ಸಂದು ಬಿಟ್ಟು. ಅದರ ಮೇಲೆ ಸೀಳಿದ ತೆಳು ಸೌದೆ. ಅದರ ಮೇಲೆ ಪುಳ್ಳೆ, ಬೆರಳಿಗಿಂತ ಸಣ್ಣವು. ಎಲ್ಲದರ ನೆತ್ತಿಯ ಮೇಲೆ ಬಿಲ್ಲೆ, ಅದರ ಮೇಲೆ ಇನ್ನೆರಡು ಪುಳ್ಳೆ ಅಡ್ಡ. ಗಾಳಿಯ ಕಿಂಡಿ ಪೂರ್ತಿ ತೆರೆದು ಹಚ್ಚಿ, ಕೈ ಕಟ್ಟಿ ಕೂತುಕೊಳ್ಳಿ. ಬೆಂಕಿ ಮೇಲಿಂದ ಕೆಳಗೆ ಇಳಿಯುತ್ತಾ ಬರುತ್ತದೆ. ಕೆಳಗಿನ ಸೌದೆ ಕಾದು ಬಿಡುವ ಹೊಗೆ ಮೇಲಿರುವ ಉರಿಯನ್ನು ಹಾದೇ ಹೋಗಬೇಕು, ಹಾಗೆ ಹೋಗುವಾಗ ಅದೂ ಉರಿದುಹೋಗುತ್ತದೆ. ಅದಕ್ಕೇ ಹೊಗೆ ಕಡಿಮೆ. ಕೆಳಗೆ ಬೆಂಕಿ ಇಟ್ಟರೆ ಮೇಲಿನ ತಣ್ಣನೆ ಸೌದೆ ಆ ಉರಿಯ ಮೇಲೆ ಕೂತು ಹೊಗೆ ಹಾಕುತ್ತದೆ, ಆಮೇಲೆ ಒಟ್ಟಿದ್ದು ಕುಸಿದು ಬೆಂಕಿಯೇ ಅಡಿಗೆ ಬೀಳುತ್ತದೆ. ಮೊದಲ ಸಲ ಹೀಗೆ ಮಾಡಿದಾಗ ಹತ್ತು ನಿಮಿಷ ನನಗೆ ಸಮಾಧಾನವೇ ಇರಲಿಲ್ಲ, ಊದುಗೊಳವೆ ಹಿಡಿದು ಮೂರು ಸಲ ಎದ್ದೆ. ಬೇಕಾಗಲೇ ಇಲ್ಲ.

ಒಲೆ ತುಂಬ ದಿನ ತಣ್ಣಗಿದ್ದರೆ ಕೊಳವೆಯೊಳಗೆ ತಣ್ಣನೆ ಗಾಳಿ ಮುಚ್ಚಳದ ಹಾಗೆ ಕೂತಿರುತ್ತದೆ, ಹೊಗೆ ಮನೆಯೊಳಗೇ ಬರುತ್ತದೆ. ಒಂದು ಹಾಳೆ ಪೇಪರ್ ಹೊಸೆದು ಹಚ್ಚಿ ಕೊಳವೆಯ ಬಾಯಿಗೆ ಹಿಡಿದರೆ ಎಳೆತ ಶುರುವಾಗುತ್ತದೆ. ಆಮೇಲೆ ಬಿಲ್ಲೆ ಹಚ್ಚಿ. ಒಂದು ಸಾಕು, ದೊಡ್ಡ ಒಲೆಗೆ ಎರಡು. ಆರೇಳು ಒಟ್ಟಿಗೆ ಹಾಕಿದರೆ ಒಲೆ ಬೇಗ ಕಾಯುವುದಿಲ್ಲ, ಕರಗಿದ ಮೇಣ ಹರಿದು ಬೇಡದ ಕಡೆ ಉರಿಯುತ್ತದೆ.

ಇನ್ನು ಸೌದೆಯೇ ಹಸಿಯಾಗಿದ್ದರೆ ಯಾವ ಬಿಲ್ಲೆಯೂ ಏನೂ ಮಾಡಲಾರದು. ಸೌದೆಯಲ್ಲಿ ನೀರಿನ ಅಂಶ 20 ಶೇಕಡಕ್ಕಿಂತ ಕಡಿಮೆ ಇರಬೇಕು, ಆಗ ತಾನೇ ಕಡಿದ ಮರದಲ್ಲಿ ಅದರ ಎರಡು ಪಟ್ಟಿಗಿಂತ ಜಾಸ್ತಿಯೂ ಇರುತ್ತದೆ. ಸೀಳಿ, ಗಾಳಿಯಾಡುವ ಕಡೆ, ಮೇಲೆ ಮರೆ ಮಾಡಿ ಆರು ತಿಂಗಳಾದರೂ ಇಡಬೇಕು, ಗಟ್ಟಿ ಮರಕ್ಕೆ ಒಂದೆರಡು ವರ್ಷ. ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿಯಾದರೆ ದಡ್ ಅಂತ ಸತ್ತ ಸದ್ದು. ಹಸಿ ಸೌದೆ ಬುಸುಗುಟ್ಟುತ್ತಾ ತುದಿಯಲ್ಲಿ ನೊರೆ ಕಾರುತ್ತಾ ಉರಿಯುವುದನ್ನು ನೋಡಿರುತ್ತೀರಿ. ಆ ಹೊಗೆಯ ಟಾರು ಕೊಳವೆಯ ಒಳಗೋಡೆಗೆ ಅಂಟಿ ಗಟ್ಟಿಯಾಗುತ್ತದೆ, ಕ್ರಿಯೋಸೋಟ್ ಅಂತಾರೆ. ಪದರ ದಪ್ಪ ಆದರೆ ಒಂದು ದಿನ ಕೊಳವೆಗೇ ಬೆಂಕಿ ಹತ್ತುತ್ತದೆ. ವರ್ಷಕ್ಕೊಮ್ಮೆಯಾದರೂ ಅದನ್ನು ಗುಡಿಸಿಸಲೇಬೇಕು.

ಹಸಿ ಸೌದೆಯ ಸಿಟ್ಟಿಗೇ ಜನ ಸೀಮೆಎಣ್ಣೆ ಡಬ್ಬಕ್ಕೆ ಕೈ ಹಾಕುವುದು. ನಿಮ್ಮ ಸಲಹೆಯ ಕೊನೆಯಲ್ಲಿ "ಬೇಕಿದ್ದರೆ ಒಂದೆರಡು ಹನಿ ಸೀಮೆಎಣ್ಣೆ" ಅಂತಲೂ ಇತ್ತು, ಅದನ್ನು ಓದಿದಾಗಲೇ ಈ ಪತ್ರ ಬರೆಯಬೇಕು ಅನ್ನಿಸಿದ್ದು. ಯಾರೂ ಒಂದೆರಡು ಹನಿ ಹಾಕುವುದಿಲ್ಲ. ಆರಿದ ಹಾಗೆ ಕಾಣುವ ಒಲೆಯ ಬೂದಿಯೊಳಗೆ ಕೆಂಡ ಇರುತ್ತದೆ, ಒಂದು ದಿನ ಕಳೆದರೂ ಇರುತ್ತದೆ. ಅದರ ಮೇಲೆ ಸೀಮೆಎಣ್ಣೆ ಬಿದ್ದರೆ ತಕ್ಷಣ ಉರಿ ಬರುವುದಿಲ್ಲ, ಬಿಳಿ ಆವಿ ಬರುತ್ತದೆ. ಒಲೆ ತುಂಬಾ ಆವಿ ಕಟ್ಟಿಕೊಳ್ಳುತ್ತದೆ. ಹತ್ತಲಿಲ್ಲ ಅಂತ ಬಗ್ಗಿ ನೋಡುವಾಗ ಒಟ್ಟಿಗೇ ಹೊತ್ತಿಕೊಳ್ಳುತ್ತದೆ, ಮುಖಕ್ಕೇ. ಉರಿ ಸುರಿಯುವ ಧಾರೆ ಹಿಡಿದು ಡಬ್ಬದವರೆಗೂ ಬರಬಹುದು. ಪೆಟ್ರೋಲಂತೂ ಇನ್ನೂ ಕೆಟ್ಟದು, ಮೈನಸ್ 40 ಡಿಗ್ರಿಯ ಚಳಿಯಲ್ಲೂ ಅದರ ಆವಿಗೆ ಬೆಂಕಿ ಹಿಡಿಯುತ್ತದೆ. ಸ್ಯಾನಿಟೈಸರ್ ಹಾಕುವವರೂ ಇದ್ದಾರೆ. ಅದರ ಉರಿ ಬೆಳಕಿನಲ್ಲಿ ಸರಿಯಾಗಿ ಕಾಣುವುದೇ ಇಲ್ಲ, ಹತ್ತಿಲ್ಲ ಅಂತ ಇನ್ನಷ್ಟು ಸುರಿಯುತ್ತಾರೆ. ಬಿಲ್ಲೆ ಇಟ್ಟುಕೊಂಡವರಿಗೆ ಇದ್ಯಾವುದೂ ಬೇಕಾಗುವುದಿಲ್ಲ. ನಾನು ಬಿಲ್ಲೆಗೆ ಅಂಟಿಕೊಂಡಿದ್ದೂ ಅದಕ್ಕೇ, ಹಳೇ ಮೇಣ ಹಾಳಾಗಬಾರದು ಅಂತಲ್ಲ.

ನಾನು ಕೇಳುವುದು ಎರಡೇ. ಮುಂದಿನ ವಾರ ಅದೇ ಪುಟದ ಅದೇ ಜಾಗದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ನೀರಿನ ಪಾತ್ರೆಯ ಸಾಲನ್ನೂ ಬೆಂಕಿ ಹತ್ತಿದರೆ ಮುಚ್ಚಿ, ನೀರು ಹಾಕಬೇಡಿ ಅನ್ನೋ ಸಾಲನ್ನೂ ಹಾಕಿ. ಸೀಮೆಎಣ್ಣೆಯ ಮಾತನ್ನು ತಪ್ಪಾಯಿತು ಅಂತ ವಾಪಸ್ ತಗೊಳ್ಳಿ. ಒಳಪುಟದ ಮೂಲೆಯ ತಿದ್ದುಪಡಿ ಬೇಡ, ಅದನ್ನು ಯಾರು ಓದುತ್ತಾರೆ? ಸಲಹೆಯನ್ನು ಕತ್ತರಿಸಿ ಅಡುಗೆಮನೆ ಗೋಡೆಗೆ ಅಂಟಿಸಿಕೊಂಡವರು ಇರುತ್ತಾರೆ, ಅವರ ಕಣ್ಣಿಗೆ ಬೀಳಬೇಕು.

ಒಂದು ಮರೆತಿದ್ದೆ. ಮಾಡಿದ ಬಿಲ್ಲೆಗಳನ್ನು ಒಲೆಯ ಪಕ್ಕದಲ್ಲಿ ಇಡಬೇಡಿ, ಶಾಖಕ್ಕೆ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ, ಕಿಡಿ ಹಾರಿದರೆ ಕೇಳುವುದೇ ಬೇಡ. ಮುಚ್ಚಳ ಇರುವ ಲೋಹದ ಡಬ್ಬದಲ್ಲಿ ತುಂಬಿ, ಮಕ್ಕಳ ಕೈಗೆ ಎಟುಕದ ಕಡೆ ಇಡಿ. ನಾನು ಆವತ್ತು ತಳ ಸುಟ್ಟು ಕರ್ರಗಾದ ಆ ಸ್ಟೀಲ್ ಪಾತ್ರೆಯಲ್ಲೇ ಇಟ್ಟಿದ್ದೇನೆ, ಮೇಲೆ ಅದೇ ತಟ್ಟೆ ಮುಚ್ಚಿ.

ಇಂತಿ,
ನಿಮ್ಮ ಹಳೇ ಓದುಗ